ಕೂಲರ್, ಮೋಟರ್ ಮತ್ತು ಒಂದು ಪೈಥಾನ್ ಕಡತ

ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ ಮುಗಿಯಿತೆಂದರೆ ಅಟ್ಟದ ಮೇಲಿನ ಕೂಲರ್ ಕೆಳಗಿಳಿಯುತ್ತದೆ. ಅಲ್ಲಿಂದ ಮುಂಗಾರು ಹಿಡಿಯುವವರೆಗೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವವು ಎರಡೇ: ಕೂಲರ್ ಮತ್ತು ನೀರಿನ ಮೋಟರ್. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 43 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ನಮ್ಮದು ಬ್ರಹ್ಮಪುರದ ಹಳೆಯ ಮನೆ. ಶಹಾಬಾದ್ ಕಲ್ಲಿನ ನೆಲ, ಮೊಳದಗಲದ ಕಲ್ಲಿನ ಗೋಡೆ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿ ಊಟದ ಹೊತ್ತಿನವರೆಗೂ ಕಾರುತ್ತಿರುತ್ತದೆ. ಮುಂದಿನ ಕೋಣೆಯಲ್ಲಿ ನನ್ನ ಡಿಟಿಪಿ ಕೆಲಸ: ಲಗ್ನಪತ್ರಿಕೆ, ಸಂಘ-ಸಂಸ್ಥೆಗಳ ವಾರ್ಷಿಕ ವರದಿ, ಕಾಲೇಜು ಹುಡುಗರ ಪ್ರಾಜೆಕ್ಟ್ ಪುಸ್ತಕ. ಕಂಪ್ಯೂಟರ್ ಬೆಳಗ್ಗೆಯಿಂದ ರಾತ್ರಿಯವರೆಗೆ ಚಾಲೂ ಇರುತ್ತದೆ. ಮೋಟರಿನ ಸ್ವಿಚ್ಚು ಹಿತ್ತಲಲ್ಲಿ, ಕೂಲರಿನದು ನಡುಮನೆಯಲ್ಲಿ. ಎದುರಿಗೆ ಗಿರಾಕಿ ಕೂತು ಅಕ್ಷರ ತಿದ್ದಿಸುತ್ತಿರುವಾಗ ಮೂರು ಬಾಗಿಲು ದಾಟಿ ಹೋಗಿ ಮೋಟರ್ ಬಂದ್ ಮಾಡಿ ಬರುವುದು ಆಗದ ಮಾತು.

ನನಗೆ ಬೇಕಾಗಿದ್ದದ್ದು ಇಷ್ಟು: ಕುರ್ಚಿಯಿಂದ ಏಳದೆ ಮೋಟರ್ ಹಾಕುವುದು, ಕೂಲರಿನ ಗಾಳಿಯನ್ನೂ ನೀರನ್ನೂ ಬೇರೆ ಬೇರೆಯಾಗಿ ನಡೆಸುವುದು, ಸಂಜೆ ಹೊರಗಿನ ದೀಪ ಹಚ್ಚುವುದು. ಅದಕ್ಕಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಬರೆದುಕೊಂಡ ಸ್ಕ್ರಿಪ್ಟ್, ಎಂದರೆ ಚಿಕ್ಕ ಪ್ರೋಗ್ರಾಮ್, ಇಂದು ಪರದೆಯ ಮೂಲೆಯಲ್ಲಿ ಚಿಕ್ಕ ಕಿಟಕಿಯಾಗಿ ಕೂತಿದೆ. ನಾನು ಪ್ರೋಗ್ರಾಮರ್ ಅಲ್ಲ. ಪೈಥಾನ್ ಕಲಿತದ್ದು ಪುಟಸಂಖ್ಯೆ ಹಾಕುವುದು, ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವುದು ಮುಂತಾದ ಬೇಸರದ ಕೆಲಸಗಳಿಗೆ. ಅಷ್ಟು ಬಂದವರಿಗೆ ಇದೂ ಬರುತ್ತದೆ.

ಇದಕ್ಕೆಲ್ಲ ಮೊಬೈಲ್ ಆ್ಯಪ್ ಇದೆಯಲ್ಲ ಎಂದು ಗೆಳೆಯರು ಕೇಳುತ್ತಾರೆ. ಇದೆ. ಅಂಗಡಿಯಲ್ಲಿ ಸಿಗುವ ಬಹುತೇಕ ಸ್ಮಾರ್ಟ್ ಪ್ಲಗ್‌ಗಳು ಆ್ಯಪ್‌ನೊಂದಿಗೇ ಬರುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ನಾವು ಕೊಡುವ ಅಪ್ಪಣೆ ಮೊದಲು ಕಂಪನಿಯ ಸರ್ವರ್‌ಗೆ ಹೋಗುತ್ತದೆ, ಅಲ್ಲಿಂದ ತಿರುಗಿ ನಮ್ಮ ಮನೆಗೆ ಬರುತ್ತದೆ. ರಸ್ತೆ ಅಗೆಯುವವರು ಇಂಟರ್ನೆಟ್ ಕೇಬಲ್ ಕಡಿದ ದಿನ ಎದುರಿಗೇ ಇರುವ ಪ್ಲಗ್ಗು ಮಾತು ಕೇಳುವುದಿಲ್ಲ. ನಮ್ಮ ಹಿತ್ತಲ ಮೋಟರಿಗೆ ಸಮುದ್ರದಾಚೆಯ ಅನುಮತಿ ಏಕೆ? ಹೀಗಾಗಿ ಮೊದಲ ಷರತ್ತು ತಾನಾಗಿ ನಿಶ್ಚಯವಾಯಿತು: ಅಪ್ಪಣೆ ಮನೆಯ ರೌಟರ್ ದಾಟಿ ಹೊರಗೆ ಹೋಗಬಾರದು.

ಅದಕ್ಕೆ ಹೊಂದುವ ಸಾಧನಗಳು ಅಗ್ಗವಾಗಿಯೇ ಸಿಗುತ್ತವೆ. ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ 8266 ಎಂಬ ವೈಫೈ ಚಿಪ್ 2014ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ವೈಫೈ ಸ್ವಿಚ್ಚುಗಳ ಬೆಲೆ ಇಳಿಯಿತು. ಸೋನಾಫ್‌ನಂಥ ಸ್ವಿಚ್ಚುಗಳ ಹಲವು ಮಾದರಿಗಳ ಹೊಟ್ಟೆಯಲ್ಲಿರುವುದು ಇದೇ ಚಿಪ್. ಕಂಪನಿ ತುಂಬಿಸಿದ ತಂತ್ರಾಂಶವನ್ನು ತೆಗೆದು ಅದರ ಜಾಗದಲ್ಲಿ ಟಾಸ್ಮೋಟಾ ಎಂಬ ಮುಕ್ತ ತಂತ್ರಾಂಶ ಹಾಕಬಹುದು. ಅದನ್ನು ಆರಂಭಿಸಿದವರು ಥಿಯೋ ಆರೆಂಡ್ಸ್. ಟಾಸ್ಮೋಟಾ ಕೂತ ಸ್ವಿಚ್ಚಿಗೆ ಯಾವ ಕಂಪನಿಯ ಹಂಗೂ ಇರುವುದಿಲ್ಲ. ಅದು ತಾನೇ ಒಂದು ಪುಟ್ಟ ವೆಬ್ ಪುಟ ತೆರೆದುಕೊಂಡು ನಮ್ಮ ಅಪ್ಪಣೆಗಾಗಿ ಕಾಯುತ್ತದೆ.

ಹಾಕುವ ವಿಧಾನ ಕಷ್ಟವಲ್ಲ. ಕಂಪ್ಯೂಟರಿನ ಯುಎಸ್‌ಬಿಯನ್ನು ಚಿಪ್‌ಗೆ ತಿಳಿಯುವ ಸೀರಿಯಲ್ ಸಂಪರ್ಕಕ್ಕೆ ಬದಲಿಸುವ ಚಿಕ್ಕ ಸರ್ಕ್ಯೂಟ್ ಹಲಗೆ ಬೇಕು, ಅದು 3.3 ವೋಲ್ಟ್‌ನದಾಗಿರಬೇಕು, 5 ವೋಲ್ಟ್ ಕೊಟ್ಟರೆ ಚಿಪ್ ಸುಡುವ ಅಪಾಯವಿದೆ. ನಾಲ್ಕು ತಂತಿ ಜೋಡಿಸಿ, ಸ್ವಿಚ್ಚಿನ ಗುಂಡಿ ಒತ್ತಿ ಹಿಡಿದುಕೊಂಡೇ ಯುಎಸ್‌ಬಿ ಚುಚ್ಚಿದರೆ ಚಿಪ್ ಹೊಸ ತಂತ್ರಾಂಶ ಪಡೆಯಲು ಬಾಯಿ ತೆರೆಯುತ್ತದೆ. ಇಲ್ಲಿ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ: ಈ ಕೆಲಸ ಮಾಡುವಾಗ ಸ್ವಿಚ್ಚಿಗೆ ಗೋಡೆಯ ಕರೆಂಟ್ ಇರಲೇಕೂಡದು. ಇಂಥ ಸ್ವಿಚ್ಚುಗಳ ಒಳಗಿನ ಪಿನ್‌ಗಳೆಲ್ಲವನ್ನೂ 230 ವೋಲ್ಟ್ ಇರುವ ತಂತಿ ಎಂದೇ ಭಾವಿಸಬೇಕು. ಗೋಡೆಗೆ ಚುಚ್ಚಿದ ಸ್ವಿಚ್ಚಿಗೆ ಕಂಪ್ಯೂಟರಿನ ಕೇಬಲ್ ಕಟ್ಟಿದರೆ ಕಂಪ್ಯೂಟರ್ ಹೋಗುವುದು ಸಣ್ಣ ನಷ್ಟ. ಅದಕ್ಕೆ ಕೈಯಿಟ್ಟವನೂ ಹೋಗಬಹುದು.

ತಂತ್ರಾಂಶ ಕೂತ ಮೇಲೆ ಸ್ವಿಚ್ಚು ತನ್ನದೇ ವೈಫೈ ಹೆಸರನ್ನು ತೋರಿಸುತ್ತದೆ. ಮೊಬೈಲಿನಿಂದ ಅದಕ್ಕೆ ಸೇರಿ 192.168.4.1 ವಿಳಾಸ ತೆರೆದು ಮನೆಯ ವೈಫೈ ಹೆಸರು, ಗುಪ್ತಪದ ಕೊಟ್ಟರಾಯಿತು. ಈ ಚಿಪ್‌ಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ತಿಳಿಯುತ್ತದೆ, 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ. ನಮ್ಮಂಥ ಕಲ್ಲಿನ ಗೋಡೆಯ ಮನೆಗೆ ಅದು ಒಳ್ಳೆಯದೇ. ಗೋಡೆ ತೂರುವುದರಲ್ಲಿ 2.4 ವಾಸಿ. ಹಾಗಿದ್ದೂ ಹಿತ್ತಲಿಗೆ ಸಿಗ್ನಲ್ ಸೊರಗುತ್ತಿತ್ತು. ಟಾಸ್ಮೋಟಾದ ಮಾಹಿತಿ ಪುಟದಲ್ಲಿ ಸಿಗ್ನಲಿನ ಬಲ ಅಂಕಿಯಲ್ಲಿ ಕಾಣುತ್ತದೆ. ಅದನ್ನು ನೋಡುತ್ತಾ ರೌಟರನ್ನು ಮುಂದಿನ ಕೋಣೆಯಿಂದ ನಡುಮನೆಯ ಬಾಗಿಲ ಮೇಲಕ್ಕೆ ಸಾಗಿಸಿದೆ. ಜತೆಗೆ ಮೋಟರಿನ ವೈಫೈ ಸ್ವಿಚ್ಚನ್ನು ಕಬ್ಬಿಣದ ಡಬ್ಬಿಯೊಳಗೆ ಇಡದೆ ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದೆ. ಕಬ್ಬಿಣದ ಡಬ್ಬಿಯೊಳಗೆ ವೈಫೈ ಉಸಿರುಗಟ್ಟುತ್ತದೆ.

ಈಗ ಮೋಟರಿನ ಮಾತು. ನಮ್ಮ ಬಡಾವಣೆಗೆ ನಳದ ನೀರು ದಿನವೂ ಬರುವುದಿಲ್ಲ. ಬಂದಾಗ ನೆಲದೊಳಗಿನ ಸಂಪಿನಲ್ಲಿ ತುಂಬಿಸಿಕೊಂಡು, ಬೇಕಾದಾಗ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಏರಿಸುವುದು ಒಂದು ಎಚ್‌ಪಿ ಮೋಟರ್. ನಮ್ಮ ಓಣಿಯ ವಿದ್ಯುತ್ ಕೆಲಸವನ್ನೆಲ್ಲ ನೋಡುವ ಚಾಚಾ ಒಬ್ಬರಿದ್ದಾರೆ. ವೈಫೈ ಸ್ವಿಚ್ಚನ್ನು ಅಂಗೈಯಲ್ಲಿಟ್ಟು ತೋರಿಸಿದಾಗ ಕನ್ನಡಕ ಏರಿಸಿಕೊಂಡು ಒಳಗಿನ ರಿಲೇ (ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಭಾಗ) ನೋಡಿದರು.

"ಇದರ ಮೇಲೆ ಮೋಟರ್ ಹಾಕುತ್ತೀಯಾ ತಮ್ಮಾ?"

"ಹತ್ತು ಆಂಪಿಯರ್ ಎಂದು ಬರೆದಿದೆಯಲ್ಲ ಚಾಚಾ."

"ಬರೆದದ್ದು ಬಲ್ಬಿಗೆ. ಮೋಟರ್ ಎದ್ದು ನಿಲ್ಲುವಾಗ ಎಷ್ಟು ಎಳೆಯುತ್ತದೆ ಎಂದು ಯಾರೂ ಇದರ ಮೇಲೆ ಬರೆಯುವುದಿಲ್ಲ. ಒಳಗಿನ ಎರಡು ಎಲೆ ಒಂದಕ್ಕೊಂದು ಬೆಸೆದುಕೊಂಡು ಕೂತರೆ ನಿನ್ನ ಕಂಪ್ಯೂಟರ್ ಬಂದ್ ಎಂದು ನೂರು ಸಲ ಕೂಗಿದರೂ ಮೋಟರ್ ಓಡುತ್ತಲೇ ಇರುತ್ತದೆ."

ಲೆಕ್ಕ ಅವರು ಹೇಳಿದಂತೆಯೇ ಇದೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಅದು ಮೋಟರ್ ಹೊರಕೊಡುವ ಶಕ್ತಿ. ಒಳಗೆಳೆಯುವುದು ಅದಕ್ಕಿಂತ ಹೆಚ್ಚು, ಓಡುವಾಗ ಐದಾರು ಆಂಪಿಯರ್. ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಬಲ್ಬು, ಇಸ್ತ್ರಿಪೆಟ್ಟಿಗೆಯಂಥ ಭಾರಕ್ಕೆ ಕೊಟ್ಟ ಹತ್ತು ಆಂಪಿಯರ್ ಗುರುತು ಇಲ್ಲಿ ಉಪಯೋಗಕ್ಕೆ ಬಾರದು. ಚಾಚಾ ಹೇಳಿದ ಪರಿಹಾರ ಕಾಂಟ್ಯಾಕ್ಟರ್, ಎಂದರೆ ಭಾರೀ ಕರೆಂಟಿಗೆಂದೇ ಮಾಡಿದ ದೊಡ್ಡ ರಿಲೇ. ಅದರ ಕಾಯಿಲ್, ಎಂದರೆ ತಂತಿಯ ಸುರುಳಿ, ಕರೆಂಟ್ ಸಿಕ್ಕಾಗ ಅದನ್ನು ಎಳೆದು ಹಿಡಿಯುತ್ತದೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ವಿದ್ಯುತ್ ಅಂಗಡಿಯಿಂದ 230 ವೋಲ್ಟ್ ಕಾಯಿಲ್ ಇರುವ ಕಾಂಟ್ಯಾಕ್ಟರ್ ತಂದೆ. ವೈಫೈ ಸ್ವಿಚ್ಚು ಕಾಂಟ್ಯಾಕ್ಟರಿನ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡುತ್ತದೆ. ಮೋಟರಿನ ಭಾರ ಹೊರುವುದು ಕಾಂಟ್ಯಾಕ್ಟರ್. ಕಾಯಿಲ್ ಆರುವಾಗ ಏಳುವ ವಿದ್ಯುತ್ತಿನ ಒದೆತಕ್ಕೆ ವೈಫೈ ಚಿಪ್ ಗಾಬರಿಯಾಗಿ ಮರುಪ್ರಾರಂಭವಾಗದಿರಲಿ ಎಂದು ಕಾಯಿಲ್‌ಗೆ ಅಡ್ಡಲಾಗಿ ಒಂದು ಸ್ನಬ್ಬರ್ ಕೂಡ ಹಾಕಿದೆವು.

ಚಾಚಾ ಅಷ್ಟಕ್ಕೇ ಬಿಡಲಿಲ್ಲ. ಮೇಲಿನ ಟ್ಯಾಂಕಿಗೆ ತೇಲುವ ಫ್ಲೋಟ್ ಸ್ವಿಚ್ ಇಳಿಬಿಟ್ಟು ಅದರ ತಂತಿಯನ್ನು ಕಾಂಟ್ಯಾಕ್ಟರಿನ ಕಾಯಿಲ್ ದಾರಿಯಲ್ಲೇ ಸಾಲಾಗಿ ಸೇರಿಸಿದರು. ಟ್ಯಾಂಕ್ ತುಂಬಿತೆಂದರೆ ಫ್ಲೋಟ್ ಏಳುತ್ತದೆ, ಕಾಯಿಲ್ ಆರುತ್ತದೆ, ಮೋಟರ್ ನಿಲ್ಲುತ್ತದೆ. ಇದರಲ್ಲಿ ವೈಫೈ ಇಲ್ಲ, ಪೈಥಾನ್ ಇಲ್ಲ, ನಾನೂ ಇಲ್ಲ. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ ಇದೇ. ಸ್ಕ್ರಿಪ್ಟ್ ಬರೆಯುವಾಗಲೂ ಇದೇ ಬುದ್ಧಿಯನ್ನು ಅನುಸರಿಸಿದೆ: ಹಚ್ಚುವುದನ್ನು ಸ್ಕ್ರಿಪ್ಟಿಗೆ ಬಿಡಬಹುದು, ಆರಿಸುವ ಹೊಣೆಯನ್ನು ಅದರ ಮೇಲೆ ಹೊರಿಸಬಾರದು.

ಏಕೆಂದರೆ ಕಂಪ್ಯೂಟರ್ ನಂಬಿಕೆಗೆ ಅರ್ಹವಾದ ಪ್ರಾಣಿಯಲ್ಲ. ಮೋಟರ್ ಹಾಕಿ, 25 ನಿಮಿಷ ಎಣಿಸಿ, ಬಂದ್ ಮಾಡು ಎಂದು ಸ್ಕ್ರಿಪ್ಟಿನಲ್ಲಿ ಬರೆಯುವುದು ಬಲು ಸುಲಭ. ಆ ಇಪ್ಪತ್ತೈದು ನಿಮಿಷದ ನಡುವೆ ವಿಂಡೋಸ್ ತನಗೆ ತೋಚಿದಾಗ ಅಪ್‌ಡೇಟ್ ಎಂದು ಮಲಗಿ ಎದ್ದರೆ ಎಣಿಸುವವರು ಯಾರು? ಸಂಪಿನ ನೀರು ಮುಗಿದು ಮೋಟರ್ ಬರಿದಾಗಿ ಓಡಿದರೆ ಸೀಲ್ ಸುಡುತ್ತದೆ. ಟಾಸ್ಮೋಟಾದಲ್ಲಿ ಪಲ್ಸ್‌ಟೈಮ್ ಎಂಬ ಆದೇಶವಿದೆ. ಒಮ್ಮೆ ಹಚ್ಚಿದರೆ ಇಷ್ಟು ಹೊತ್ತಿನ ನಂತರ ತಾನೇ ಆರು ಎಂದು ಸ್ವಿಚ್ಚಿಗೇ ಹೇಳಿಡುವುದು. ಅದರ ಲೆಕ್ಕ ಸ್ವಲ್ಪ ವಿಚಿತ್ರ: 1ರಿಂದ 111ರವರೆಗಿನ ಅಂಕಿ ಸೆಕೆಂಡಿನ ಹತ್ತನೆಯ ಭಾಗಗಳು. 112ರಿಂದ ಮೇಲಿನ ಅಂಕಿಯಾದರೆ ಅದರಲ್ಲಿ ನೂರು ಕಳೆದು ಉಳಿದದ್ದು ಸೆಕೆಂಡು. 25 ನಿಮಿಷವೆಂದರೆ 1500 ಸೆಕೆಂಡು, ಅದಕ್ಕೆ ನೂರು ಕೂಡಿಸಿ 1600 ಎಂದು ಕೊಡಬೇಕು. ನೂರು ಕೂಡಿಸುವುದನ್ನು ಮರೆತರೆ ನೂರು ಸೆಕೆಂಡು ಮುಂಚೆ ನಿಲ್ಲುತ್ತದೆ, ಅಷ್ಟೇ; ಆದರೆ ಒಂದು ನಿಮಿಷವೆಂದು 60 ಕೊಟ್ಟರೆ ಆರೇ ಸೆಕೆಂಡಿನಲ್ಲಿ ಆರಿಹೋಗುತ್ತದೆ.

ಫ್ಲೋಟ್ ಇದ್ದ ಮೇಲೆ ಪಲ್ಸ್‌ಟೈಮ್ ಏಕೆ ಎಂದು ಕೇಳಬಹುದು. ಟ್ಯಾಂಕ್ ತುಂಬಿ ಫ್ಲೋಟ್ ಮೋಟರನ್ನು ನಿಲ್ಲಿಸಿದರೂ ವೈಫೈ ಸ್ವಿಚ್ಚಿನ ರಿಲೇ ಹಚ್ಚಿಕೊಂಡೇ ಇರುತ್ತದೆ. ಅಡುಗೆಮನೆಯಲ್ಲಿ ನಾಲ್ಕು ಕೊಡ ನೀರು ಹಿಡಿದ ಕೂಡಲೇ ಫ್ಲೋಟ್ ಕೆಳಗಿಳಿದು ಮೋಟರ್ ಮತ್ತೆ ಗುರ್ ಎನ್ನುತ್ತದೆ, ಸಂಪಿನಲ್ಲಿ ನೀರಿರಲಿ ಬಿಡಲಿ. ಎರಡೂ ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದರಿಂದ ಸ್ಕ್ರಿಪ್ಟಿನ ಒಂದು ಮಿತಿಯೂ ತಿಳಿಯುತ್ತದೆ. ನನ್ನ ಕಿಟಕಿಯಲ್ಲಿ "ಮೋಟರ್ ಹಚ್ಚಿದೆ" ಎಂದು ಕಂಡರೆ ಅದರ ಅರ್ಥ ರಿಲೇ ಹಚ್ಚಿದೆ ಎಂದಷ್ಟೇ. ಮೋಟರ್ ನಿಜಕ್ಕೂ ತಿರುಗುತ್ತಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ, ಅದಕ್ಕೆ ಕರೆಂಟ್ ಅಳೆಯುವ ಸಾಧನ ಬೇಕು.

ಇನ್ನೊಂದು ಆದೇಶ ಪವರ್‌ಆನ್‌ಸ್ಟೇಟ್. ಕರೆಂಟ್ ಹೋಗಿ ಬಂದಾಗ ಸ್ವಿಚ್ಚು ಯಾವ ಸ್ಥಿತಿಯಲ್ಲಿ ಏಳಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಬಿಟ್ಟಲ್ಲಿಂದಲೇ ಮುಂದುವರಿ ಎಂಬ 3 ಅದರ ಹುಟ್ಟುಗುಣ. ಕೂಲರಿನ ಗಾಳಿಗೆ ಅದು ಸರಿ: ನಡುರಾತ್ರಿ ಕರೆಂಟ್ ಬಂದರೆ ಕೂಲರ್ ತಾನೇ ಶುರುವಾಗಲಿ, ಅವ್ವ ಏಳಬೇಕಾಗಿಲ್ಲ. ಮೋಟರಿಗೆ ಮಾತ್ರ 0 ಕೊಟ್ಟಿದ್ದೇನೆ. ಕರೆಂಟ್ ಬಂದ ಮೊದಲ ನಿಮಿಷಗಳಲ್ಲಿ ವೋಲ್ಟೇಜ್ ಏರಿಳಿಯುವಾಗ ಮೋಟರ್ ತಾನಾಗಿ ಏಳುವುದು ಬೇಡ.

ಸ್ಕ್ರಿಪ್ಟಿಗೆ ಕೈಹಾಕುವ ಮೊದಲು ಬ್ರೌಸರಿನಲ್ಲೇ ಪರೀಕ್ಷಿಸಬಹುದು. ರೌಟರಿನಲ್ಲಿ ಪ್ರತಿ ಸ್ವಿಚ್ಚಿಗೂ ಒಂದು ಐಪಿ ವಿಳಾಸ (ಮನೆಯ ವೈಫೈಯಲ್ಲಿ ಅದನ್ನು ಗುರುತಿಸುವ ಅಂಕಿ) ಕಾಯ್ದಿರಿಸಬೇಕು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ವಿಳಾಸಗಳು ಅದಲು ಬದಲಾಗಿ ದೀಪದ ಗುಂಡಿಗೆ ಮೋಟರ್ ಎದ್ದೀತು. ಮೋಟರಿನದು 192.168.1.51 ಎಂದುಕೊಳ್ಳಿ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಆ ಅಂಕಿ, ಓರೆಗೆರೆ, ಸಿಎಂ, ಪ್ರಶ್ನೆ ಚಿಹ್ನೆ, ಸಿಎಂಎನ್‌ಡಿ, ಸಮ ಚಿಹ್ನೆ, ಕೊನೆಗೆ ಪವರ್ ಆನ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಬೇಕು. ಪವರ್ ಮತ್ತು ಆನ್ ನಡುವಿನ ಖಾಲಿ ಜಾಗಕ್ಕೆ ಶೇಕಡಾ ಚಿಹ್ನೆ ಹಾಕಿ 20 ಬರೆಯಬೇಕು. ಎಂಟರ್ ಒತ್ತಿದೊಡನೆ ಹಿತ್ತಲಿನಿಂದ ಕಾಂಟ್ಯಾಕ್ಟರಿನ "ಟಕ್" ಕೇಳುತ್ತದೆ, ಪರದೆಯ ಮೇಲೆ ಹೂವಿನ ಆವರಣದೊಳಗೆ ಪವರ್: ಆನ್ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಬರೀ ಪವರ್ ಎಂದು ಕೇಳಿದರೆ ಏನನ್ನೂ ಬದಲಿಸದೆ ಈಗಿನ ಸ್ಥಿತಿ ಹೇಳುತ್ತದೆ. ಸ್ಕ್ರಿಪ್ಟಿನ ಜೀವ ಇಷ್ಟೇ. ಮಿಕ್ಕದ್ದೆಲ್ಲ ಇದೇ ವಿಳಾಸವನ್ನು ಬೇಕಾದಾಗ ಕೂಗುವ, ಉತ್ತರವನ್ನು ಓದುವ ಏರ್ಪಾಡು.

ನಾಲ್ಕು ಸಾಧನಗಳಿಗೆ ಇದಕ್ಕಿಂತ ಹೆಚ್ಚು ಬೇಡವೆನ್ನುವುದು ನನ್ನ ಅಭಿಪ್ರಾಯ. ಇಡೀ ಮನೆಯ ಸಾಧನಗಳನ್ನು ಒಂದೆಡೆಯಿಂದ ನಡೆಸುವ ಹೋಮ್ ಅಸಿಸ್ಟೆಂಟ್ ಒಳ್ಳೆಯ ತಂತ್ರಾಂಶವೇ. 2013ರಿಂದ ಬೆಳೆದು ಬಂದಿರುವ ಅದು ಕೂಡ ಪೈಥಾನಿನದ್ದೇ. ಆದರೆ ಅದಕ್ಕಾಗಿ ಹಗಲಿರುಳು ಎಚ್ಚರವಿರುವ ಇನ್ನೊಂದು ಕಂಪ್ಯೂಟರ್ ಸಾಕಬೇಕು. ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯನ್ನು ಟಾಸ್ಮೋಟಾ ಚೆನ್ನಾಗಿ ಬಲ್ಲದು. ಅದನ್ನು 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ರೂಪಿಸಿದ್ದು ಉಪಗ್ರಹದ ಮೂಲಕ ತೈಲದ ಕೊಳವೆಮಾರ್ಗಗಳ ಮೇಲೆ ಕಣ್ಣಿಡುವುದಕ್ಕೆ. ನಮ್ಮ ಕೊಳವೆಮಾರ್ಗ ಸಂಪಿನಿಂದ ಮಾಳಿಗೆಯವರೆಗೆ. ಸಾಧನಗಳು ಇಪ್ಪತ್ತು ಮೂವತ್ತಾದ ದಿನ ಅತ್ತ ನೋಡಿದರಾಯಿತು.

ಸ್ಕ್ರಿಪ್ಟ್ ಬರೆಯುವಾಗ ಪೈಥಾನ್ 3ರ ಜತೆಗೇ ಬರುವ ಸಾಮಗ್ರಿಗಳನ್ನು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ವಿಳಾಸ ಕೂಗಲು ಯುಆರ್‌ಎಲ್‌ಲಿಬ್, ಉತ್ತರ ಬಿಡಿಸಲು ಜೇಸನ್ (ಹೆಸರು ಮತ್ತು ಅದರ ಮಾಹಿತಿಯನ್ನು ಜೋಡಿಯಾಗಿ ಬರೆಯುವ ಪದ್ಧತಿ), ಗುಂಡಿಗಳಿಗೆ ಟಿಕೆಇಂಟರ್. ಕಂಪ್ಯೂಟರ್ ಬದಲಿಸಿದರೂ ಪೈಥಾನ್ ಹಾಕಿ ಕಡತ ನಕಲು ಮಾಡಿದರೆ ಸಾಕು, ಇಂಟರ್ನೆಟ್ಟಿನಿಂದ ಇನ್ನೇನೂ ಇಳಿಸಿಕೊಳ್ಳಬೇಕಾಗಿಲ್ಲ.

ಸಾಧನಗಳ ಹೆಸರು, ವಿಳಾಸಗಳನ್ನು ಸ್ಕ್ರಿಪ್ಟಿನೊಳಗೆ ಬರೆಯದೆ ಪಕ್ಕದಲ್ಲೊಂದು ಜೇಸನ್ ಕಡತದಲ್ಲಿ ಇಟ್ಟಿದ್ದೇನೆ. ಹೆಸರುಗಳೆಲ್ಲ ಕನ್ನಡದಲ್ಲಿ: ನೀರಿನ ಮೋಟರ್, ಕೂಲರ್ ಗಾಳಿ, ಕೂಲರ್ ನೀರು, ಹೊರಗಿನ ದೀಪ. ಇಲ್ಲಿ ಕನ್ನಡದವರಿಗೆ ಒಂದು ಸಂಗತಿ ತಿಳಿದಿರಬೇಕು. ವಿಂಡೋಸ್‌ನಲ್ಲಿ ಪೈಥಾನ್ ಕಡತ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಅಂಕಿಗಳಾಗಿ ಬರೆದಿಡುವ ಪದ್ಧತಿ) ಇದು ಎಂದು ಹೇಳದಿದ್ದರೆ ಅದು ವಿಂಡೋಸಿನ ಹಳೆಯ ಪಾಶ್ಚಾತ್ಯ ಅಕ್ಷರಪಟ್ಟಿಯನ್ನು ಹಿಡಿದುಕೊಳ್ಳುತ್ತದೆ. "ನೀರಿನ ಮೋಟರ್" ಇದ್ದಲ್ಲಿ ತಲೆಬುಡವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ, ಇಲ್ಲವೇ ಸ್ಕ್ರಿಪ್ಟ್ ಬಾಗಿಲಲ್ಲೇ ಮುಗ್ಗರಿಸುತ್ತದೆ. ಕಡತ ತೆರೆಯುವ ಪ್ರತಿ ಕಡೆಯೂ ಯೂನಿಕೋಡಿನ ಪದ್ಧತಿಯಾದ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಬೇಕು. ಹಳೆಯ ನೋಟ್‌ಪ್ಯಾಡಿನಲ್ಲಿ ಉಳಿಸಿದ ಕಡತವಾದರೆ ಮೊದಲಿಗೆ ಕಣ್ಣಿಗೆ ಕಾಣದ ಗುರುತೊಂದು ಸೇರಿರುತ್ತದೆ, ಅದಕ್ಕೆ ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಎರಡಕ್ಕೂ ಹೊಂದುತ್ತದೆ. ಕಪ್ಪು ಕಮಾಂಡ್ ಕಿಟಕಿಯಲ್ಲಿ ಕನ್ನಡ ಡಬ್ಬಿಡಬ್ಬಿಯಾಗಿ ಕಂಡರೆ ಹೆದರಬೇಡಿ. ಟಿಕೆಇಂಟರ್ ಗುಂಡಿಯ ಮೇಲೆ ನಿರ್ಮಲಾ ಯುಐ ಫಾಂಟಿನಲ್ಲಿ ಅದೇ ಪದ ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತದೆ.

ಟಾಸ್ಮೋಟಾದಲ್ಲಿ ಟಾಗಲ್ ಎಂಬ ಆದೇಶವೂ ಇದೆ: ಹಚ್ಚಿದ್ದರೆ ಆರಿಸು, ಆರಿದ್ದರೆ ಹಚ್ಚು. ಒಂದೇ ಗುಂಡಿ ಸಾಕಾಗುತ್ತದೆಂದು ಅದು ಆಸೆ ಹುಟ್ಟಿಸುತ್ತದೆ. ಮೋಟರಿರುವ ಮನೆಯಲ್ಲಿ ಅದು ಬೇಡ. ಅಪ್ಪಣೆ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೆಂದುಕೊಳ್ಳಿ. ವೈಫೈ ಸೊರಗಿದಾಗ ಇದು ಆಗುವಂಥದ್ದೇ. ಸ್ಕ್ರಿಪ್ಟ್ ಮತ್ತೊಮ್ಮೆ ಕೂಗುತ್ತದೆ. ಟಾಗಲ್ ಆದರೆ ಎರಡನೆಯ ಕೂಗು ಮೊದಲನೆಯದನ್ನು ಅಳಿಸಿ ತಿರುಗುಮುರುಗು ಮಾಡುತ್ತದೆ. ಆಫ್ ಎಂದು ಸ್ಪಷ್ಟವಾಗಿ ಹೇಳಿದರೆ ಹತ್ತು ಸಲ ಕೂಗಿದರೂ ಆಫೇ. ಹೀಗಾಗಿ ಪ್ರತಿ ಸಾಧನಕ್ಕೂ ಎರಡು ಗುಂಡಿ: ಹಚ್ಚು, ಆರಿಸು. ಗುಂಡಿ ಒತ್ತಿದೊಡನೆ ಬಣ್ಣ ಬದಲಿಸುವುದಿಲ್ಲ. ಸ್ವಿಚ್ಚಿನಿಂದ ಉತ್ತರ ಬಂದ ಮೇಲೆ, ಅದು ಏನು ಹೇಳಿತೋ ಅದರ ಪ್ರಕಾರ ಹಸಿರು ಇಲ್ಲವೇ ಬಿಳಿ. ಉತ್ತರವೇ ಬರದಿದ್ದರೆ ಬೂದು ಬಣ್ಣ, ಮೇಲೆ "ಸಿಗುತ್ತಿಲ್ಲ" ಎಂಬ ಬರಹ. ಆರಿದೆ ಎನ್ನುವುದಕ್ಕೂ ಸಿಗುತ್ತಿಲ್ಲ ಎನ್ನುವುದಕ್ಕೂ ಇರುವ ಅಂತರ ಮೋಟರಿನ ವಿಷಯದಲ್ಲಿ ದೊಡ್ಡದು.

ಕಾಯುವ ಅವಧಿಯನ್ನೂ ನಾವೇ ಹೇಳಬೇಕು. ಯುಆರ್‌ಎಲ್‌ಲಿಬ್‌ಗೆ ಟೈಮ್‌ಔಟ್ ಕೊಡದಿದ್ದರೆ ಉತ್ತರವಿಲ್ಲದ ಸ್ವಿಚ್ಚಿನ ಬಾಗಿಲಲ್ಲಿ ಅದು ಎಷ್ಟು ಹೊತ್ತಾದರೂ ನಿಂತಿರುತ್ತದೆ. ನಾನು 2 ಸೆಕೆಂಡು ಕೊಟ್ಟಿದ್ದೇನೆ, ಮನೆಯೊಳಗಿನ ಮಾತಿಗೆ ಅದು ಧಾರಾಳ. ಆದರೂ ಕರೆಂಟ್ ಹೋಗಿ ನಾಲ್ಕು ಸಾಲೂ ಮೌನವಾದಾಗ ಎರಡೆರಡು ಸೆಕೆಂಡು ಸೇರಿ ಕಿಟಕಿ ಎಂಟು ಸೆಕೆಂಡು ಮರಗಟ್ಟುತ್ತದೆ. ಅದನ್ನು ತಪ್ಪಿಸಲು ಸ್ವಿಚ್ಚುಗಳ ಜತೆ ಮಾತಾಡುವ ಕೆಲಸವನ್ನು ಬೇರೆ ಥ್ರೆಡ್‌ಗೆ (ಅದೇ ಸ್ಕ್ರಿಪ್ಟಿನೊಳಗೆ ಜತೆಜತೆಗೇ ನಡೆಯುವ ಇನ್ನೊಂದು ಎಳೆಗೆ) ವಹಿಸಿದೆ. ಅದು ಐದು ಸೆಕೆಂಡಿಗೊಮ್ಮೆ ಎಲ್ಲವನ್ನೂ ಸುತ್ತಿ ಸ್ಥಿತಿ ಕೇಳಿ, ಉತ್ತರವನ್ನು ಒಂದು ಸರತಿ ಸಾಲಿನಲ್ಲಿಡುತ್ತದೆ. ಕಿಟಕಿ ತನ್ನ ಬಿಡುವಿನಲ್ಲಿ ಆ ಸಾಲನ್ನು ನೋಡಿ ಬಣ್ಣ ಬದಲಿಸಿಕೊಳ್ಳುತ್ತದೆ. ಗುಂಡಿಯ ಬಣ್ಣವನ್ನು ಆ ಥ್ರೆಡ್ ನೇರವಾಗಿ ಮುಟ್ಟಬಾರದು. ಟಿಕೆಇಂಟರ್ ಇದನ್ನು ಸಹಿಸುವುದಿಲ್ಲ, ಯಾವಾಗಲೋ ಒಮ್ಮೆ ಕಾರಣ ಹೇಳದೆ ಕುಸಿಯುತ್ತದೆ.

ಐದು ಸೆಕೆಂಡಿಗೊಮ್ಮೆ ಕೇಳುವುದು ಅವ್ವನಿಗಾಗಿ. ಈ ಏರ್ಪಾಡಿನ ಮೊದಲ ಮಾತು ಕೇಳಿದಾಗ ಅವಳ ಪ್ರಶ್ನೆ ಒಂದೇ: "ಎಲ್ಲ ನಿನ್ನ ಪೆಟ್ಟಿಗೆಯಲ್ಲಿ ಹಾಕಿಕೊಂಡರೆ ನನ್ನ ಸ್ವಿಚ್ಚು ಎಲ್ಲಿ?" ನ್ಯಾಯವಾದ ಪ್ರಶ್ನೆ. ಗೋಡೆಯ ಸ್ವಿಚ್ಚು ಸತ್ತ ಮನೆ ಯಾರಿಗೂ ಬೇಡ. ಚಾಚಾ ಗೋಡೆಯ ಸ್ವಿಚ್ಚುಗಳ ತಂತಿಯನ್ನು ವೈಫೈ ಸ್ವಿಚ್ಚಿನ ಒಳಬರುವ ಪಿನ್‌ಗೆ ಸೇರಿಸಿದರು, ಮಾಮೂಲಿ ಮನೆಯ ವೈರನ್ನೇ ಬಳಸಿ, ಏಕೆಂದರೆ ಮೊದಲೇ ಹೇಳಿದಂತೆ ಆ ಪಿನ್ನನ್ನೂ 230 ವೋಲ್ಟ್ ಎಂದೇ ನೋಡಬೇಕು. ಈಗ ಅವ್ವ ಗೋಡೆಯ ಮೇಲೆ ಒತ್ತಿದರೂ ಹತ್ತುತ್ತದೆ, ನಾನು ಇಲ್ಲಿ ಒತ್ತಿದರೂ ಹತ್ತುತ್ತದೆ. ಅವಳು ಒತ್ತಿದ್ದು ಐದು ಸೆಕೆಂಡಿನೊಳಗೆ ನನ್ನ ಕಿಟಕಿಯಲ್ಲಿ ಕಾಣುತ್ತದೆ.

ಕೂಲರಿಗೆ ಎರಡು ರಿಲೇ ಇರುವ ಸ್ವಿಚ್ಚು: ಒಂದು ಗಾಳಿಗೆ, ಇನ್ನೊಂದು ಒಳಗಿನ ಪುಟ್ಟ ಪಂಪಿಗೆ. ಆದೇಶದಲ್ಲಿ ಪವರ್1, ಪವರ್2 ಎಂದು ಬೇರೆ ಮಾಡಿದರಾಯಿತು. ಬಿಸಿಲೂರಿನ ಕೂಲರಿಗೆ ಒಂದು ಕ್ರಮವಿದೆ. ಅದರ ಬದಿಗಳಲ್ಲಿ ತುಂಬಿದ ಹುಲ್ಲು ಒಣಗಿರುವಾಗಲೇ ಗಾಳಿ ಬಿಟ್ಟರೆ ಬಿಸಿಗಾಳಿ, ಜತೆಗೆ ಎರೆಮಣ್ಣಿನ ದೂಳು. ಮೊದಲು ಪಂಪ್ ಓಡಿ ಹುಲ್ಲು ತೊಯ್ಯಬೇಕು, ನಾಲ್ಕೈದು ನಿಮಿಷದ ನಂತರ ಗಾಳಿ ಬರಬೇಕು. "ಕೂಲರ್ ಸಿದ್ಧಮಾಡು" ಎಂಬ ಒಂದು ಗುಂಡಿ ಇದನ್ನು ಮಾಡುತ್ತದೆ. ಪಂಪಿಗೆ 10 ನಿಮಿಷದ ಪಲ್ಸ್‌ಟೈಮ್, ಎಂದರೆ 700. ಒಣಹವೆಯ ಏಪ್ರಿಲ್‌ನಲ್ಲಿ ಅರ್ಧ ಗಂಟೆಗೊಮ್ಮೆ ಸ್ಕ್ರಿಪ್ಟ್ ಪಂಪನ್ನು ಮತ್ತೆ ಎಬ್ಬಿಸುತ್ತದೆ. ಹುಲ್ಲು ಅಷ್ಟರೊಳಗೆ ಪೂರ್ತಿ ಒಣಗುವುದಿಲ್ಲ, ನೀರು ಎಷ್ಟೋ ಉಳಿಯುತ್ತದೆ, ನೀರನ್ನು ಎಣಿಸಿ ಬಳಸುವ ಮನೆಗೆ ಅದು ಸಣ್ಣ ಮಾತಲ್ಲ. ಮಧ್ಯೆ ಸ್ಕ್ರಿಪ್ಟ್ ಸತ್ತರೆ? ಪಂಪ್ ಏಳುವುದಿಲ್ಲ, ಗಾಳಿ ಬಿಸಿಯಾಗುತ್ತದೆ, ಯಾರಾದರೂ ಬೈಯುತ್ತಾರೆ. ಸುಡುವಂಥದ್ದೇನೂ ಆಗುವುದಿಲ್ಲ. ಸ್ಕ್ರಿಪ್ಟಿಗೆ ಒಪ್ಪಿಸಬಹುದಾದ ಕೆಲಸ ಇಂಥದ್ದೇ. ಜೂನ್‌ನಲ್ಲಿ ಮಳೆ ಬಿದ್ದು ಗಾಳಿಯಲ್ಲಿ ತೇವ ಏರಿದ ಮೇಲೆ ನೀರು ಹಾಯಿಸಿದಷ್ಟೂ ಸೆಖೆ. ಆಗ ಜೇಸನ್ ಕಡತದಲ್ಲಿ ಪಂಪಿನ ಸಾಲನ್ನು ಬಂದ್ ಮಾಡಿಡುತ್ತೇನೆ.

ಭದ್ರತೆಯ ವಿಷಯ ಚಿಕ್ಕದು. ಟಾಸ್ಮೋಟಾದ ವೆಬ್ ಪುಟಕ್ಕೆ ಮೊದಲಿಗೆ ಗುಪ್ತಪದವಿರುವುದಿಲ್ಲ, ವೈಫೈಯಲ್ಲಿರುವ ಯಾರು ಬೇಕಾದರೂ ತೆರೆಯಬಹುದು. ಅದಕ್ಕೆ ಗುಪ್ತಪದ ಕೊಟ್ಟು, ಸ್ಕ್ರಿಪ್ಟಿನ ವಿಳಾಸದ ಜತೆಗೂ ಅದನ್ನು ಸೇರಿಸಿದ್ದೇನೆ. ಗಿರಾಕಿಗಳು ಕೇಳಿದರೆ ಅತಿಥಿ ವೈಫೈ ಕೊಡುತ್ತೇನೆ, ಮನೆಯದ್ದಲ್ಲ. ಊರಿಗೆ ಹೋದಾಗಲೂ ನಡೆಸಬೇಕೆಂದು ರೌಟರಿನಲ್ಲಿ ಹೊರಗಿನಿಂದ ಒಳಗೆ ದಾರಿ ತೆರೆದಿಡುವವರಿದ್ದಾರೆ, ನಾನು ತೆರೆದಿಲ್ಲ. ಟಾಸ್ಮೋಟಾದ ಈ ಮಾತುಕತೆ ಗುಟ್ಟಿನ ಲಿಪಿಯಲ್ಲಿ ನಡೆಯುವುದಿಲ್ಲ, ಬಯಲಲ್ಲಿ ನಡೆಯುತ್ತದೆ. ಮನೆಯೊಳಗೆ ಸರಿ, ಜಗತ್ತಿನೆದುರು ಬೇಡ.

ಸ್ಕ್ರಿಪ್ಟಿನ ಹೆಸರಿನ ಬಾಲ ಪಿವೈ ಬದಲು ಪಿವೈಡಬ್ಲ್ಯೂ ಆದರೆ ಕಪ್ಪು ಕಿಟಕಿ ಕಾಣಿಸದೆ ಗುಂಡಿಗಳು ಮಾತ್ರ ತೆರೆಯುತ್ತವೆ. ಅದರ ಶಾರ್ಟ್‌ಕಟ್ ಅನ್ನು ಸ್ಟಾರ್ಟ್‌ಅಪ್ ಫೋಲ್ಡರಿನಲ್ಲಿ ಹಾಕಿದ್ದರಿಂದ ಬೆಳಗ್ಗೆ ಕಂಪ್ಯೂಟರ್ ಹಚ್ಚಿದೊಡನೆ ಅದೂ ಏಳುತ್ತದೆ. ರೌಟರ್ ಇನ್ವರ್ಟರ್ ಮೇಲಿದೆ. ಕೂಲರ್, ಮೋಟರುಗಳ ಸ್ವಿಚ್ಚುಗಳು ಇನ್ವರ್ಟರ್ ಮೇಲಿಲ್ಲ, ಆದ್ದರಿಂದ ಕರೆಂಟ್ ಹೋದ ಕೂಡಲೇ ಅವುಗಳ ಸಾಲು ಬೂದಾಗುತ್ತದೆ. ಮುಂದಿನ ಕೋಣೆ ಇನ್ವರ್ಟರ್ ಮೇಲಿರುವುದರಿಂದ ಕರೆಂಟ್ ಹೋದದ್ದು ಫ್ಯಾನಿನಿಂದ ಗೊತ್ತಾಗುವುದಿಲ್ಲ. ಆ ಬೂದು ಬಣ್ಣದಿಂದ ಗೊತ್ತಾಗುತ್ತದೆ.

ಗೀಸರ್ ಈ ಪಟ್ಟಿಯಲ್ಲಿಲ್ಲ. 2000 ವ್ಯಾಟ್ ಎಳೆಯುವ, ಒಳಗೆ ಒತ್ತಡ ಕಟ್ಟುವ ಸಾಧನವನ್ನು ಕಣ್ಣಿಗೆ ಕಾಣದ ಕೋಣೆಯಿಂದ ಹಚ್ಚುವ ಅಗತ್ಯ ನನಗೆ ಕಂಡಿಲ್ಲ. ಸ್ನಾನಕ್ಕೆ ಹೋಗುವವರು ಹೇಗೂ ಅಲ್ಲಿಗೆ ಹೋಗಲೇಬೇಕು. ಪಕ್ಕದ ಓಣಿಯ ಗೆಳೆಯರೊಬ್ಬರು ಈ ಸ್ಕ್ರಿಪ್ಟ್ ತೆಗೆದುಕೊಂಡು ಹೋಗಿ ತಮ್ಮ ಮನೆಯ ಗೇಟಿನ ದೀಪಕ್ಕೂ ಅಕ್ವೇರಿಯಂಗೂ ಹೊಂದಿಸಿಕೊಂಡಿದ್ದಾರೆ. ಅವರು ಸ್ಕ್ರಿಪ್ಟಿನಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ, ಜೇಸನ್ ಕಡತದ ಹೆಸರು, ವಿಳಾಸ ಮಾತ್ರ ಬದಲಾದವು. ಪ್ರತಿ ಸ್ವಿಚ್ಚಿನ ವೆಬ್ ಪುಟದಲ್ಲೂ ಅದರ ವ್ಯವಸ್ಥೆಯನ್ನು ಕಡತವಾಗಿ ಇಳಿಸಿಕೊಳ್ಳುವ ಅವಕಾಶವಿದೆ. ಆ ಕಡತಗಳು, ಸ್ಕ್ರಿಪ್ಟು, ಜೇಸನ್ ಎಲ್ಲವೂ ಒಂದು ಪೆನ್‌ಡ್ರೈವಿನಲ್ಲಿ ಚಾಚಾ ಬರೆದುಕೊಟ್ಟ ವೈರಿಂಗ್ ನಕ್ಷೆಯ ಫೋಟೋದ ಜತೆಗಿವೆ. ಕಂಪ್ಯೂಟರ್ ಕೆಟ್ಟ ದಿನ ಮೊಬೈಲಿನ ಬ್ರೌಸರಿನಲ್ಲಿ ಸ್ವಿಚ್ಚಿನ ವಿಳಾಸ ತೆರೆದರೆ ಅಲ್ಲಿಯೂ ಒಂದು ಗುಂಡಿ ಇದ್ದೇ ಇದೆ.